ಪಠ್ಯದ ಮೊಸರು

ಎಲ್ಲರ ಮಕ್ಕಳಂತೆ ನನ್ನ ಮಗಳು ಚಿತ್ಕಲಾಳೂ ಎರಡು ವರ್ಷ, ಪಾಠಗಳನ್ನು ಹೊತ್ತ ಬ್ಯಾಕ್ಟೀರಿಯಾ ಇರುವ ಪಠ್ಯದ ಮೊಸರು ತಿಂದು, ರಸಾಯನಶಾಸ್ತ್ರವನ್ನೂ ಸೂಕ್ಷ್ಮಜೀವಶಾಸ್ತ್ರವನ್ನೂ ಹೊಟ್ಟೆಯಲ್ಲಿ ಬೆಳೆಸಿಕೊಂಡಿದ್ದಳು. ಪ್ರವೇಶ ಪರೀಕ್ಷೆಗೆ ನಾಲ್ಕು ದಿನವಿರುವಾಗ ಟೈಫಾಯ್ಡ್ ಬಂತು.

"ಆ್ಯಂಟಿಬಯೋಟಿಕ್ ಮಾತ್ರ ಬೇಡಮ್ಮ. ಓದಿದ್ದೆಲ್ಲ ಸತ್ತೋಗುತ್ತೆ," ಎಂದು ಹಟ ಹಿಡಿದಳು.

ತಡಮಾಡಿದರೆ ಕರುಳು ತೂತಾಗಬಹುದು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಪ್ಯಾರಾಸಿಟಮಾಲ್ ಎಂದು ಸುಳ್ಳು ಹೇಳಿ ಆ ಮಾತ್ರೆಯನ್ನೇ ನುಂಗಿಸಿದೆ. ಆಮೇಲೆ ಹಾಸಿಗೆಯ ಪಕ್ಕ ಕೂತು ಪ್ರಶ್ನೆ ಕೇಳಿದೆ.

"ಟೈಫಾಯ್ಡ್ ಯಾವುದರಿಂದ ಬರುತ್ತೆ?"

"ಸಾಲ್ಮೊನೆಲ್ಲಾ. ಉತ್ತರ ನನ್ನ ಹೊಟ್ಟೇಲೇ ಇದೆ, ಇದನ್ನೂ ಕೇಳ್ತೀಯಲ್ಲ!" ಎಂದು ನಕ್ಕಳು.

ಮೂರನೆಯ ದಿನ ಜ್ವರ ಇಳಿಯಿತು. ಮತ್ತೆ ಅದನ್ನೇ ಕೇಳಿದೆ.

"ಸೊಳ್ಳೆಯಿಂದ ಅಲ್ವಾ?"

"ಹೂಂ," ಎಂದೆ.

ಪರೀಕ್ಷೆಯ ಬೆಳಿಗ್ಗೆ ಅವಳ ಮೈ ತಣ್ಣಗಿತ್ತು. ಹಾಲ್ ಟಿಕೆಟ್ ಹುಡುಕುವಾಗ, ನಾನು ಬಟ್ಟೆಗಳ ನಡುವೆ ಬಚ್ಚಿಟ್ಟಿದ್ದ ಮಾತ್ರೆಗಳು ಅವಳ ಕೈಗೆ ಸಿಕ್ಕವು. ಅವಳು ಮೇಲಿದ್ದ ಹೆಸರನ್ನು ಕೂಡಿಸಿ ಕೂಡಿಸಿ ಓದಿದಳು.

"ಅಜಿತ್ರೊಮೈಸಿನ್ ಅಂದ್ರೇನಮ್ಮ?"

"ಜ್ವರದ್ದು ಕಣೇ."

ಅವಳು ನಂಬಿದಳು. ಪೆನ್ನು ತೆಗೆದುಕೊಂಡು, ನನ್ನ ಕಾಲಿಗೆ ನಮಸ್ಕಾರ ಮಾಡಿ ಹೊರಟಳು.