ಖಾಲಿ ಡಬ್ಬಿ

“ಈ ಪುಡಿ ಕೂಸಿಗೆ ಆಗ್ತಿಲ್ಲ ಸ್ವಾಮಿ. ಕುಡಿಸಿದ್ ತಕ್ಷಣ ಭೇದಿ, ರಕ್ತ ಬೇರೆ ಬೀಳ್ತದೆ. ಬೇರೆ ಥರದ ಪುಡಿ ಡಬ್ಬಿ ಕೊಡಬೇಕು ಅಂತ ಡಾಕ್ಟ್ರು ಬರೆದವ್ರೆ.”

ಅಜ್ಜಿ ಚೀಟಿ ಮುಂದಿಟ್ಟಳು. ತಾಯಿಯನ್ನು ಕಳೆದುಕೊಂಡ ಮೂರು ತಿಂಗಳ ಮೊಮ್ಮಗು ಅವಳ ಹೆಗಲ ಮೇಲೆ ಸೊರಗಿ ಮಲಗಿತ್ತು.

ಸರ್ಕಾರದ ಉಚಿತ ಹಾಲುಪುಡಿ ಹಂಚುವ ಗುಮಾಸ್ತ ಚೀಟಿ ನೋಡಲಿಲ್ಲ. ಬುತ್ತಿ ಬಿಚ್ಚಿ ಮೊಸರನ್ನ ಕಲಸುತ್ತಿದ್ದ.

“ಹಳೇ ಡಬ್ಬಿ ಎಲ್ಲಿ?”

ಅಜ್ಜಿ ಕೊಟ್ಟಳು. ಅವನು ಎಡಗೈಯಲ್ಲಿ ಎತ್ತಿ ಅಲ್ಲಾಡಿಸಿ ಮೇಜಿನ ಮೇಲಿಟ್ಟ.

“ಇನ್ನೂ ಅರ್ಧ ಇದೆಯಲ್ಲ! ಖಾಲಿ ಡಬ್ಬಿ ತಂದ್ರೇನೇ ಬೇರೆ ಡಬ್ಬಿ. ಇಲ್ದಿದ್ರೆ ನೀವೆಲ್ಲ ಅಂಗಡಿಗೆ ಮಾರ್ಕೋತೀರಿ.”

“ಇದನ್ನೇ ಕುಡಿಸಿದ್ರೆ ಕೂಸು ಉಳಿಯಾಕಿಲ್ಲ ಸ್ವಾಮಿ.”

“ಊರಿನ ಮಕ್ಕಳೆಲ್ಲ ಕುಡೀತಿಲ್ವಾ? ಇದೇನು ವಿಷಾನಾ? ಖಾಲಿ ಮಾಡ್ಕೊಂಡು ಬಾ, ಹೋಗು.”

“ಖಾಲಿ ಆದ್ರೆ ಇವತ್ತೇ ಕೊಡ್ತೀರಾ?”

“ಆ ಕ್ಷಣವೇ ಕೊಡ್ತೀನಿ.”

ಅಜ್ಜಿ ಮುಚ್ಚಳ ತೆಗೆದಳು. ಡಬ್ಬಿಯನ್ನು ಅವನ ಮೊಸರನ್ನದ ಮೇಲೆ ಬೋರಲು ಹಾಕಿ, ತಳಕ್ಕೆ ಎರಡು ಸಲ ತಟ್ಟಿ, ಮೇಜಿನ ಮೇಲೆ ಕುಕ್ಕಿದಳು.

“ವಿಷ ಅಲ್ವಲ್ಲ, ಉಣ್ಣಿ ಸ್ವಾಮಿ. ನನ್ ಡಬ್ಬಿ ಖಾಲಿ ಆಯ್ತು.”