ಮೀನಿನ ತಲೆಗೊಂದು ಗುಂಡಿ

ಆ ದೋಣಿಯಲ್ಲಿ ಯಾರು ದೊಡ್ಡ ಸುಳ್ಳು ಹೇಳುತ್ತಾರೋ ಅವರಿಗೇ ಅಂಜಲ್ ಮೀನಿನ ತಲೆ. ಹನ್ನೆರಡು ವರ್ಷದಿಂದ ಅದು ಶೀನ ಮರಕಾಲನ ತಟ್ಟೆ ಬಿಟ್ಟು ಬೇರೆಲ್ಲೂ ಬಿದ್ದದ್ದಿಲ್ಲ. ಅವತ್ತೂ ಅವನು ತಿಮಿಂಗಿಲಕ್ಕೆ ಗಡ್ಡ ಬೋಳಿಸಿದ ಕತೆ ಹೇಳಿ ಮೀಸೆ ತಿರುವಿಕೊಂಡು ಕೂತ.

ಕಡಲ ಜೀವಿಗಳನ್ನು ನೋಡಲೆಂದು ದೋಣಿ ಹತ್ತಿದ್ದ ಮೇಡಂ, ಬಲೆಯಿಂದ ಅಂಗಿ ಗುಂಡಿಯಂಥದ್ದೊಂದನ್ನು ಹೆಕ್ಕಿ ತೋರಿಸಿದರು.

"ಇದು ಬ್ರಯೋಜೋವ. ಒಂದಲ್ಲ, ಮುನ್ನೂರು ಪ್ರಾಣಿಗಳ ಕೂಡುಕುಟುಂಬ. ಕೂದಲಿನಂಥ ಕಾಲೂರಿ ಮರಳ ಮೇಲೆ ನಡೀತದೆ. ಮುರಿದ್ರೆ ಒಂದೊಂದು ತುಂಡೂ ಬೆಳೆದು ಇಡೀ ಕುಟುಂಬ ಆಗ್ತದೆ. ಡೈನೋಸಾರ್ ಕಾಲದ ಕಲ್ಲಲ್ಲೂ ಇದರ ಅಜ್ಜಂದಿರು ಸಿಗ್ತಾರೆ."

ದೋಣಿಯೇ ಅಲ್ಲಾಡುವಂತೆ ಎಲ್ಲರೂ ನಕ್ಕರು.

"ಶೀನಣ್ಣ, ಇವತ್ತು ನಿಮ್ಮ ಕತೆ ಮುಗೀತು ಮಾರಾಯ್ರೆ!"

ತಲೆ ಮೇಡಂ ತಟ್ಟೆಗೆ ಬಿತ್ತು.

"ಅಯ್ಯೋ, ನಾನು ಹೇಳಿದ್ದೆಲ್ಲ ಸತ್ಯ!" ಅಂದರು ಮೇಡಂ.

ಶೀನನಿಗೆ ಹೋದ ಜೀವ ಬಂತು. "ಕೇಳಿದ್ರಾ? ಸತ್ಯ ಹೇಳುವವರಿಗೆ ತಲೆ ಇಲ್ಲ. ಇತ್ತ ಕೊಡಿ."

ಮೇಡಂ ಗುಂಡಿಯನ್ನೊಮ್ಮೆ ನೋಡಿದರು. ಸಾರಿನಲ್ಲಿ ಮುಳುಗಿದ್ದ ತಲೆಯನ್ನೊಮ್ಮೆ ನೋಡಿದರು.

"ಎಲ್ಲ ಸುಳ್ಳು ಮಾರಾಯ್ರೆ," ಅಂದರು, ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡು. "ಇದು ಬರೀ ಅಂಗಿ ಗುಂಡಿ."