ಚೂಪು ಕೊಂಬಿನ ಚಂದ್ರ

ಫೋಟೋದಲ್ಲಿದ್ದ ಚಂದ್ರನನ್ನು ಅಕ್ಕ ಬೆರಳಲ್ಲಿ ಹಿಗ್ಗಿಸಿ ನೋಡಿದಳು, ಕುಗ್ಗಿಸಿ ನೋಡಿದಳು, ಕೊನೆಗೆ ತಂಗಿಯ ಫೋನನ್ನೇ ತಲೆಕೆಳಗು ಮಾಡಿ ನೋಡಿದಳು. ಶಾಲೆಯಲ್ಲಿ ಕಾಪಿ ಹೊಡೆದವರ ಉತ್ತರಪತ್ರಿಕೆಯನ್ನು ಅವಳು ನೋಡುವುದೂ ಹೀಗೆಯೇ.

"ಇದು ನಿನ್ನೆ ಗ್ರಹಣದ್ದಾ?"

"ಹೂಂ, ಹೀಗೇ ಇತ್ತು," ಎಂದಳು ತಂಗಿ, ತಲೆ ಬಾಚಿಕೊಳ್ಳುತ್ತ. ಫೋಟೋ ಕಳಿಸಿದವನು ಅವಳಿಗೆ ಮದುವೆ ಗೊತ್ತಾಗಿದ್ದ ಹುಡುಗ, ಕನ್ನಡಕದ ಅಂಗಡಿಯವನು. ಅವನು ಅವನ ಮನೆಯ ತಾರಸಿಯಿಂದ, ಇವಳು ಇವಳ ಮನೆಯ ತಾರಸಿಯಿಂದ ಒಟ್ಟಿಗೇ ಗ್ರಹಣ ನೋಡುವುದೆಂದು ಒಪ್ಪಂದವಾಗಿತ್ತು. ಅಕ್ಕ ಬೇಗ ಮಲಗಿಬಿಟ್ಟಿದ್ದಳು.

ವಿಜ್ಞಾನದ ಮೇಡಂ ಆದ ಅಕ್ಕನಿಗೆ ಅನುಮಾನ ಬಂದರೆ ಮುಗಿಯಿತು. ಕಿಟಕಿಯ ಪರದೆ ಎಳೆದು, ಮೇಜಿನ ದೀಪ ಹಾಕಿ, ತಂಗಿಯ ಕೈಯನ್ನು ತಲೆಗಿಂತ ಮೇಲಕ್ಕೆ ಚಾಚಿಸಿ ಒಂದು ನಿಂಬೆಹಣ್ಣು ಕೊಟ್ಟಳು. ದೀಪ ಸೂರ್ಯ, ನಿನ್ನ ತಲೆ ಭೂಮಿ, ನಿಂಬೆ ಚಂದ್ರ, ನಿಂತಲ್ಲೇ ಸುತ್ತು ಎಂದಳು. ದೀಪದ ಕಡೆ ಹಿಡಿದಾಗ ನಿಂಬೆ ಕಪ್ಪಗಿತ್ತು. ಕೊಂಚ ಸರಿದಾಗ ಅಂಚಿಗೊಂದು ಬೆಳಕಿನ ಗೆರೆ ಮೂಡಿತು. ದೀಪಕ್ಕೆ ಬೆನ್ನು ಮಾಡಿದಾಗ ಇಡೀ ನಿಂಬೆ ಬೆಳಗಿತು.

"ಇದು ಹುಣ್ಣಿಮೆ. ಈಗ ಕೈ ಸ್ವಲ್ಪ ಇಳಿಸು."

ತಲೆಯ ನೆರಳು ನಿಂಬೆಯ ಮೇಲೆ ಹತ್ತಿತು.

"ಗ್ರಹಣ ಅಂದ್ರೆ ಇದು. ತುಂಬಿದ ಚಂದ್ರನ್ನ ಭೂಮಿ ನೆರಳು ಕಚ್ಚೋದು. ಕಚ್ಚಿದ ಬಿಸ್ಕತ್ತಿನ ಥರ ಮೊಂಡಾಗಿರುತ್ತೆ. ನಿನ್ನ ಕನ್ನಡಕ ಕಳಿಸಿರೋದು ಚೂಪು ಕೊಂಬಿನ ಬಿದಿಗೆ ಚಂದ್ರ. ಹಳೇ ಮಾಲು ಕಣೇ."

ಚಂದ್ರನ ವಿಷಯದಲ್ಲೇ ಸುಳ್ಳು ಹೇಳುವವನು ಸಂಸಾರದಲ್ಲಿ ಹೇಳದೆ ಬಿಡುತ್ತಾನೆಯೇ, ನಿನ್ನೆ ಅವನು ತಾರಸಿ ಹತ್ತೇ ಇಲ್ಲ, ಹಾಗಾದರೆ ಎಲ್ಲಿದ್ದ, ಯಾರ ಜೊತೆಗಿದ್ದ, ಈಗಲೇ ಕೇಳು, ಇಲ್ಲದಿದ್ದರೆ ಮದುವೆ ಮಾತು ಇಲ್ಲಿಗೇ ನಿಲ್ಲಲಿ ಎಂದು ಅಕ್ಕ ಒಂದೇ ಉಸಿರಿಗೆ ಹೇಳಿದಳು. ನಡುವೆ ಹುಡುಗನ ಮೂಗಿನ ದನಿಯನ್ನೂ ಒಮ್ಮೆ ಅಣಕಿಸಿ ತೋರಿಸಿದಳು.

ತಂಗಿ ರೇಗಲಿಲ್ಲ, ಅಳಲೂ ಇಲ್ಲ. "ಹೋಗ್ಲಿ ಬಿಡಕ್ಕ," ಎಂದು ನಿಂಬೆಯನ್ನು ಮೇಜಿನ ಮೇಲಿಟ್ಟು ಫೋನಿಗೆ ಕೈ ಚಾಚಿದಳು.

ಆ ಅವಸರ ಅಕ್ಕನಿಗೆ ಹಿಡಿಸಲಿಲ್ಲ. ಫೋನು ಕೊಡದೆ, ಬೆರಳು ಜಾರಿಸಿ ಫೋಟೋದ ಕೆಳಗೇನಿದೆ ಎಂದು ನೋಡಿದಳು. ತಂಗಿ ನಿನ್ನೆ ರಾತ್ರಿಯೇ ಬರೆದ ಉತ್ತರ ಅಲ್ಲಿತ್ತು: "ನಾನೂ ತಾರಸಿ ಮೇಲೇ ಇದೀನಿ. ಇಲ್ಲೂ ಥೇಟ್ ಹೀಗೇ ಕಾಣ್ತಿದೆ."

ಅಕ್ಕ ಮೇಜಿನ ದೀಪದ ಕತ್ತನ್ನು ಮೆಲ್ಲಗೆ ತಿರುಗಿಸಿದಳು. ಬೆಳಕು ನಿಂಬೆಯನ್ನು ಬಿಟ್ಟು ತಂಗಿಯತ್ತ ಬಿತ್ತು. ತಂಗಿ ಅಷ್ಟರಲ್ಲಿ ಆ ಕಡೆ ಹೊರಳಿಕೊಂಡಿದ್ದಳು. ಅರ್ಧ ಮುಖ ಮಾತ್ರ ಕಾಣುತ್ತಿತ್ತು.